ವೆಂಕಟಪ್ಪನವರ ಊಟಿ ಮಂಜನ್ನು ಹೂವಿನಲ್ಲಿ ತರುವುದು ಹೇಗೆ?

ಪದ್ಮಾ ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಹೂವಿನ ಕೆಲಸ ಬಲ್ಲವರೂ ಚಿತ್ರ ಬಲ್ಲವರೂ ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಯಿತು, ದಯವಿಟ್ಟು ಪೂರ್ತಿ ಓದಿ.

ನಮ್ಮ ಬಡಾವಣೆಯ ಗ್ರಂಥಾಲಯದ ಹಾಲ್‌ನಲ್ಲಿ ಈ ಫೆಬ್ರವರಿಯ ಕೊನೆಯ ಶನಿವಾರ, ಭಾನುವಾರ ಒಂದು ಪ್ರದರ್ಶನ ಇಟ್ಟುಕೊಂಡಿದ್ದೇವೆ. ಹನ್ನೆರಡು ಜನ ಹೆಂಗಸರು ಸೇರಿದ್ದೇವೆ. ಒಬ್ಬೊಬ್ಬರು ಒಂದೊಂದು ಚಿತ್ರ ಆರಿಸಿಕೊಳ್ಳಬೇಕು. ಅದರ ಪ್ರಿಂಟ್ ಗೋಡೆ ಮೇಲೆ ಇರುತ್ತದೆ, ಮುಂದಿನ ಮೇಜಿನ ಮೇಲೆ ಆ ಚಿತ್ರ ನೋಡಿ ಮಾಡಿದ ಹೂವಿನ ಜೋಡಣೆ. ಚಿತ್ರ ಬೆಂಗಳೂರಿನಲ್ಲಿ ನಾವೇ ಕಣ್ಣಾರೆ ನೋಡಿದ್ದಾಗಿರಬೇಕು, ಅದೊಂದೇ ನಿಯಮ. ಒಬ್ಬರು ಚಿತ್ರಕಲಾ ಪರಿಷತ್ತಿನಲ್ಲಿರುವ, ರಷ್ಯಾ ಮೂಲದ ಚಿತ್ರಕಾರ ರೋರಿಕ್ ಅವರ ಹಿಮಾಲಯ ತೆಗೆದುಕೊಂಡರು. ಇನ್ನೊಬ್ಬರು ಅಲ್ಲಿನ ತೊಗಲುಬೊಂಬೆ. ಎದುರು ಮನೆಯ ಸರೋಜಮ್ಮ ಮೈಸೂರು ಶೈಲಿಯ ಲಕ್ಷ್ಮಿ.

ನಾನು ನಮ್ಮ ಹಳೆಯ ಚಿತ್ರಕಾರ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ತೆಗೆದುಕೊಂಡೆ. ಬೆಟ್ಟ, ಮರ, ನಡುವೆ ಮಂಜು. ಅಷ್ಟೇ. ಬೇರೆ ಯಾವುದನ್ನೂ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಗ್ಯಾಲರಿ ಶುರುವಾದದ್ದು 1975ರಲ್ಲಿ. ಅದಾದ ಎರಡು ಮೂರು ವರ್ಷಕ್ಕೆ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ನನಗಾಗ ಒಂಬತ್ತು ವರ್ಷ. ಅಪ್ಪ ಚಿತ್ರದ ಹತ್ತಿರ ಬಗ್ಗಿ ನೋಡುತ್ತಿದ್ದರು. ಅವರ ಉಸಿರು ಗಾಜಿಗೆ ತಾಗಿ ಅಲ್ಲೊಂದು ಬಿಳಿ ಮಸುಕು ಮೂಡಿತು. ಮೆಲ್ಲಗೆ ಆರಿ ಹೋಯಿತು, ಹಿಂದೆ ಬೆಟ್ಟ ಕಾಣಿಸಿತು. ಚಿತ್ರದೊಳಗಿನ ಮಂಜೇ ಸರಿದ ಹಾಗೆ ಅನಿಸಿತ್ತು ನನಗೆ. ಅಪ್ಪ ಹೋಗಿ ಹನ್ನೊಂದು ವರ್ಷ ಆಯಿತು. ಆ ಮಸುಕು ಮಾತ್ರ ಹಾಗೇ ಕಣ್ಣಲ್ಲಿದೆ.

ಈಗ ನನ್ನ ಕಷ್ಟ. ಹೋದ ಭಾನುವಾರ ಒಂದು ಸಲ ಮಾಡಿ ನೋಡಿದೆ. ಮಂಜಿಗೆ ಬಿಳಿ ಸೇವಂತಿಗೆ, ಬೆಟ್ಟಕ್ಕೆ ನೀಲಿ ಬಣ್ಣ ಕುಡಿಸಿದ ಆರ್ಕಿಡ್, ನಡುವೆ ತುಂಬಲು ಜಿಪ್ಸಿ ಅನ್ನುವ ಸಣ್ಣ ಬಿಳಿ ಹೂವು. ಎಲ್ಲವನ್ನೂ ಹಸಿರು ಸ್ಪಂಜಿಗೆ ಚುಚ್ಚಿದೆ. ಮೂರು ಗಂಟೆ ಕೂತು ಮಾಡಿದ್ದು. ಎದ್ದು ದೂರ ನಿಂತು ನೋಡಿದರೆ ಮದುವೆ ಮಂಟಪದ ಒಂದು ಮೂಲೆ ಕಿತ್ತು ತಂದ ಹಾಗಿತ್ತು. ಬಿಳಿ ಹೂವು ಜಾಸ್ತಿ ಮಾಡಿದಷ್ಟೂ ಮಂಜು ಕಡಿಮೆಯಾಯಿತು. ಯಾಕೆ ಹೀಗೆ ಅಂತ ಗೊತ್ತಾಗುತ್ತಿಲ್ಲ.

ಮೇಜು ಎರಡೂವರೆ ಅಡಿ ಅಗಲ ಇದೆ. ಜೋಡಣೆ ಎರಡು ದಿನ ನಿಲ್ಲಬೇಕು. ಆಮದು ಹೂವು ಬೇಡ, ಮಾರ್ಕೆಟ್‌ನಲ್ಲಿ ಸಿಗುವುದರಲ್ಲೇ ಆಗಬೇಕು ಅಂತ ನನ್ನ ಆಸೆ. ಯಾರಾದರೂ ದಾರಿ ತೋರಿಸಿ.

ನಾಗರಾಜ್ ಜಯನಗರ

ಪದ್ಮಾ ಮೇಡಂ, ಇದಕ್ಕೆ ಯಾಕೆ ಇಷ್ಟು ಯೋಚನೆ? ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಗಾಜಿನ ಮನೆಯೊಳಗೆ ವಿಧಾನಸೌಧವನ್ನೇ ಹೂವಿನಲ್ಲಿ ಕಟ್ಟಿದವರು ನಮ್ಮವರು. ಥರ್ಮೋಕೋಲ್ ಮೇಲೆ ಬೆಟ್ಟದ ಗೆರೆ ಎಳೆಯಿರಿ. ಆಯಾ ಜಾಗಕ್ಕೆ ಆಯಾ ಬಣ್ಣದ ಎಸಳು ಅಂಟಿಸಿ. ನೋಡಿದವರಿಗೆ ಇದೇ ಚಿತ್ರ ಅಂತ ತಕ್ಷಣ ಗೊತ್ತಾಗಬೇಕು, ಅಲ್ವಾ?

ಪದ್ಮಾ ಬಸವನಗುಡಿ

ನಾಗರಾಜ್ ಅವರೇ, ಲಾಲ್‌ಬಾಗ್ ಪ್ರದರ್ಶನ ನನಗೂ ಬಹಳ ಇಷ್ಟ. ಜನವರಿ, ಆಗಸ್ಟ್ ಎರಡೂ ತಪ್ಪಿಸುವುದಿಲ್ಲ. ಆದರೆ ಅಲ್ಲಿನ ಸಂತೋಷ ಬೇರೆ. ಅಷ್ಟು ದೊಡ್ಡ ಕಟ್ಟಡ ಪೂರ್ತಿ ಹೂವಿನಲ್ಲೇ ನಿಂತಿದೆಯಲ್ಲ ಅನ್ನುವ ಬೆರಗು ಅದು. ನನ್ನ ಮೇಜಿನ ಹಿಂದೆ ಚಿತ್ರ ಇದ್ದೇ ಇರುತ್ತದೆ. ಅದರದೇ ನಕಲನ್ನು ಎಸಳಿನಲ್ಲಿ ಮಾಡಿ ಮುಂದೆ ಇಟ್ಟರೆ ಜನ ಎರಡನ್ನೂ ಹೋಲಿಸಿ ನೋಡಿ ಮುಂದೆ ಹೋಗುತ್ತಾರೆ. ಚಿತ್ರದ ಮುಂದೆ ನಿಂತಾಗ ಆದ ಅನುಭವ ಹೂವಿನ ಮುಂದೆಯೂ ಆಗಬೇಕು. ನನಗೆ ಬೇಕಾದದ್ದು ಅದು.

ಮಂಜಣ್ಣ ಹೂವಿನವರು

ಅಕ್ಕ, ನಮಸ್ಕಾರ. ನಾನು ಕೆ.ಆರ್. ಮಾರ್ಕೆಟ್‌ನಲ್ಲಿ ಮೂವತ್ತು ವರ್ಷದಿಂದ ಹೂವಿನ ವ್ಯಾಪಾರ ಮಾಡುತ್ತೇನೆ. ದೇವಸ್ಥಾನದ ಅಲಂಕಾರ, ಮಂಟಪ ಎರಡೂ ಮಾಡುತ್ತೇನೆ. ಚಿತ್ರದ ವಿಷಯ ನನಗೆ ಗೊತ್ತಿಲ್ಲ. ಆದರೆ ಮಂಜು ಗೊತ್ತು. ದಿನಾ ಬೆಳಗಿನ ಜಾವ ಮೂರು ಗಂಟೆಗೆ ಚಿಕ್ಕಬಳ್ಳಾಪುರದ ಕಡೆಯಿಂದ ಹೂವಿನ ಗಾಡಿ ಜೊತೆ ಬರುತ್ತಿದ್ದ ಕಾಲ ಒಂದಿತ್ತು. ಡಿಸೆಂಬರ್‌ನಲ್ಲಿ ಹತ್ತಿರದ ಮರ ಕಪ್ಪಗೆ ಕಾಣುತ್ತದೆ. ಅದರ ಹಿಂದಿನದು ಬೂದಿ ಬಣ್ಣ. ಅದಕ್ಕೂ ಹಿಂದಿನದು ಇದೆಯೋ ಇಲ್ಲವೋ ಅನ್ನುವ ಹಾಗೆ. ಬಿಳಿ ಅಂತ ಎಲ್ಲೂ ಏನೂ ಇರುವುದಿಲ್ಲ. ನೀವು ಮಂಜಿನ ಜಾಗದಲ್ಲಿ ಸೇವಂತಿಗೆ ಇಟ್ಟಿರಿ. ಸೇವಂತಿಗೆ ಗಟ್ಟಿ ಹೂವು. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮಂಜಿನ ಜಾಗದಲ್ಲಿ ಕಣ್ಣು ನಿಲ್ಲಬಾರದು ಅಕ್ಕ.

ಹೂವು ಬಿಡಿ, ಮೊದಲು ಸೊಪ್ಪು ಹುಡುಕಿ. ದವನ ತೆಗೆದುಕೊಳ್ಳಿ. ಈಗ ದವನದ ಕಾಲ, ಚೆನ್ನಾಗಿ ಬರುತ್ತಿದೆ. ಕಟ್ಟು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಹಸಿರಿನ ಮೇಲೆ ಬೂದಿ ಉದುರಿಸಿದ ಹಾಗೆ ಇರುತ್ತದೆ. ಅಂಥ ಬಣ್ಣ ಮಾರ್ಕೆಟ್‌ನಲ್ಲಿ ಬೇರೆ ಯಾವುದಕ್ಕೂ ಇಲ್ಲ. ಎರಡನೆಯದು ಸಿಲ್ವರ್ ಓಕ್. ಅದನ್ನು ದುಡ್ಡು ಕೊಟ್ಟು ತರಬೇಡಿ, ನಿಮ್ಮ ಕಡೆ ಯಾರ ಮನೆ ಮುಂದಾದರೂ ಮರ ಇರುತ್ತದೆ, ಕೇಳಿ ನಾಲ್ಕು ರೆಂಬೆ ತನ್ನಿ. ಎಲೆಯ ಮೇಲ್ಭಾಗ ಕಡು ಹಸಿರು, ತಿರುಗಿಸಿದರೆ ಬೆಳ್ಳಿ. ಒಂದೇ ರೆಂಬೆ ಹತ್ತಿರದ ಮರಕ್ಕೂ ಆಗುತ್ತದೆ, ದೂರದ ಮರಕ್ಕೂ ಆಗುತ್ತದೆ. ಮೂರನೆಯದು ನೀಲಗಿರಿಯ ಎಳೆ ಸೊಪ್ಪು. ದುಂಡನೆ ಎಲೆ, ನೀಲಿ ಬೂದಿ ಬಣ್ಣ. ಬೊಕೆ ಅಂಗಡಿಯವರ ಹತ್ತಿರ ಕಟ್ಟು ಸಿಗುತ್ತದೆ.

ಆ ಹಸಿರು ಸ್ಪಂಜು ಬೇಡ. ಅದು ಕೊಳೆಯುವುದಿಲ್ಲ, ಪುಡಿಯಾಗಿ ನೀರಿಗೆ ಸೇರುತ್ತದೆ, ಪ್ಲಾಸ್ಟಿಕ್ಕೇ ಅದು. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ಬಿಡುತ್ತಿಲ್ಲ ಅಂತ ಮಗ ಓದಿ ಹೇಳಿದ. ನಮ್ಮ ಅಪ್ಪನ ಕಾಲದಲ್ಲಿ ಬಾಳೆದಿಂಡು ಇತ್ತಲ್ಲ, ಅದೇ ಸಾಕು. ಒಂದೂವರೆ ಅಡಿ ದಿಂಡನ್ನು ಉದ್ದಕ್ಕೆ ಸೀಳಿ, ಸೀಳಿದ ಮುಖ ಕೆಳಗೆ ಮಾಡಿ ತಟ್ಟೆಯಲ್ಲಿ ಮಲಗಿಸಿ. ದವನದ ಕಡ್ಡಿ ಮೆತ್ತಗಿರುತ್ತದೆ, ನೇರ ಚುಚ್ಚಿದರೆ ಮುರಿಯುತ್ತದೆ. ಊದಿನಕಡ್ಡಿಯ ಹಿಂದಿನ ತುದಿಯಿಂದ ಮೊದಲು ತೂತು ಮಾಡಿ, ಆಮೇಲೆ ಇಡಿ. ದಿಂಡಿನಲ್ಲಿ ನೀರಿನಂಶ ಇರುತ್ತದೆ. ದಿನಕ್ಕೆ ಎರಡು ಸಲ ಮೇಲೆ ನೀರು ಚಿಮುಕಿಸಿದರೆ ಎರಡು ದಿನ ಸಲೀಸಾಗಿ ಬರುತ್ತದೆ.

ತಂದ ಸೊಪ್ಪಿಗೆ ಹಿಂದಿನ ರಾತ್ರಿಯೇ ನೀರು ಕುಡಿಸಬೇಕು. ಕಾಂಡ ಓರೆಯಾಗಿ ಕತ್ತರಿಸಿ, ನೀರಿನೊಳಗೆ ಬರುವ ಎಲೆ ಪೂರ್ತಿ ಕಿತ್ತುಹಾಕಿ, ಬಕೆಟ್‌ನಲ್ಲಿ ಇಟ್ಟು ಬಚ್ಚಲ ಮನೆಯ ತಂಪಿನಲ್ಲಿ ಬಿಡಿ. ನೀಲಗಿರಿ, ಸಿಲ್ವರ್ ಓಕ್ ಕಾಂಡ ಗಟ್ಟಿ. ತುದಿಯನ್ನು ಒಂದಿಂಚು ಸೀಳಿ.

ಶುಕ್ರವಾರ ಬರಬೇಡಿ ಅಕ್ಕ, ಹೂವಿನ ರೇಟು ಏರಿರುತ್ತದೆ. ಗುರುವಾರ ಬೆಳಗ್ಗೆ ಬನ್ನಿ.

ಸುಮಾ ಮಲ್ಲೇಶ್ವರಂ

ಪದ್ಮಾ, ನೀವು ಹೇಳಿದ ಥರದ ಪ್ರದರ್ಶನವನ್ನು ನಾನು ಬಾಸ್ಟನ್‌ನಲ್ಲಿ ನೋಡಿದ್ದೇನೆ. ಮಗಳ ಬಾಣಂತನಕ್ಕೆ ಹೋಗಿದ್ದೆ. ಏಪ್ರಿಲ್ ಕೊನೆ. ಅಳಿಯ ಒಂದು ಮಧ್ಯಾಹ್ನ ಮಗು ನೋಡಿಕೊಂಡು ನಮ್ಮಿಬ್ಬರನ್ನು ಕಳಿಸಿಕೊಟ್ಟರು. ಅಲ್ಲಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ 1976ರಿಂದ ಪ್ರತಿ ವಸಂತದಲ್ಲಿ ಇದು ನಡೆಯುತ್ತದೆ. 'ಆರ್ಟ್ ಇನ್ ಬ್ಲೂಮ್' ಅಂತ ಹೆಸರು. ಊರೂರಿನ ಗಾರ್ಡನ್ ಕ್ಲಬ್ ಹೆಂಗಸರು ಬಂದು ಮಾಡುತ್ತಾರೆ. ಈಗ ಅಮೆರಿಕದ ಬೇರೆ ಊರುಗಳ ಮ್ಯೂಸಿಯಂಗಳಲ್ಲೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1984ರಿಂದ ಇದೆ.

ಒಂದು ಜೋಡಣೆ ಮಾತ್ರ ಹೇಳುತ್ತೇನೆ. ಜಾನ್ ಸಿಂಗರ್ ಸಾರ್ಜೆಂಟ್ 1882ರಲ್ಲಿ ಬರೆದ ಒಂದು ದೊಡ್ಡ ಚಿತ್ರ ಅಲ್ಲಿದೆ. ನಾಲ್ಕು ಜನ ಅಕ್ಕ ತಂಗಿಯರು. ಕಿರಿಯವಳು ನೆಲದ ಮೇಲೆ ಕೂತಿದ್ದಾಳೆ, ಒಬ್ಬಳು ಎಡಗಡೆ ಒಂಟಿಯಾಗಿ ನಿಂತಿದ್ದಾಳೆ. ದೊಡ್ಡವರಿಬ್ಬರು ಹಿಂದಿನ ಕತ್ತಲಲ್ಲಿ. ಅವರಲ್ಲೊಬ್ಬಳು ಆಳೆತ್ತರದ ಜಪಾನಿ ಹೂಜಿಗೆ ಒರಗಿದ್ದಾಳೆ, ಮುಖ ಸರಿಯಾಗಿ ಕಾಣುವುದಿಲ್ಲ. ಬಲಗಡೆ ಅಂಚಿನಲ್ಲಿ ಒಂದು ಕೆಂಪು ತೆರೆ. ಚಿತ್ರದಲ್ಲಿರುವ ಆ ಹೂಜಿಗಳನ್ನೇ ಇವತ್ತು ಚಿತ್ರದ ಎರಡು ಪಕ್ಕ ನಿಲ್ಲಿಸಿದ್ದಾರೆ.

ಹೂವು ಜೋಡಿಸಿದವರು ಹುಡುಗಿಯರನ್ನು ಮಾಡಿರಲಿಲ್ಲ. ಹೂಜಿಯನ್ನೂ ಮಾಡಿರಲಿಲ್ಲ. ಕಡುಗಂದು ಎಲೆಗಳ ಒಂದು ಗುಹೆ ಥರ ಮಾಡಿದ್ದರು. ಅದರಲ್ಲಿ ನಾಲ್ಕೇ ನಾಲ್ಕು ಬಿಳಿ ಹೂವು. ಒಂದು ಕೆಳಗೆ, ಪೂರ್ತಿ ಅರಳಿದ್ದು. ಒಂದು ಎಡಕ್ಕೆ, ಬೇರೆಯವಕ್ಕೆ ತಾಗದ ಹಾಗೆ. ಎರಡು ಒಳಗೆ, ಅದರಲ್ಲಿ ಒಂದು ಬೆನ್ನು ತಿರುಗಿಸಿತ್ತು. ಹೂವನ್ನು ಬೇಕೆಂದೇ ಹಿಂದುಮುಂದಾಗಿ ಇಟ್ಟಿದ್ದರು, ತೊಟ್ಟು ನಮ್ಮ ಕಡೆಗೆ! ಬಲಗಡೆ ಒಂದು ಕೆಂಪು ಎಲೆ. ಮಗಳು ನನ್ನ ಕೈ ಹಿಡಿದುಕೊಂಡಳು. ಅವಳಿಗೂ ಇಬ್ಬರು ಅಕ್ಕಂದಿರು. ನಾವು ಬಹಳ ಹೊತ್ತು ಅಲ್ಲೇ ನಿಂತಿದ್ದೆವು.

ಇನ್ನೊಂದು ಮಾತು, ನಿಮಗೆ ಖುಷಿ ಆಗುತ್ತದೆ. ಕಲೆಯ ಇತಿಹಾಸ ಬರೆದ ಆನಂದ ಕುಮಾರಸ್ವಾಮಿ 1917ರಿಂದ ತೀರಿಕೊಳ್ಳುವವರೆಗೆ, ಅಂದರೆ 1947ರವರೆಗೆ, ಇದೇ ಬಾಸ್ಟನ್ ಮ್ಯೂಸಿಯಂನಲ್ಲಿ ಭಾರತೀಯ ಕಲೆಯ ಕೆಲಸ ಮಾಡಿದವರು. ಅವರೂ ಸೋದರಿ ನಿವೇದಿತಾ ಅವರೂ ಬರೆದು 1913ರಲ್ಲಿ ಹೊರಬಂದ ಪುರಾಣಕಥೆಗಳ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ನಮ್ಮ ವೆಂಕಟಪ್ಪನವರೂ ಒಬ್ಬರು. ಆಗ ಅವರು ಕಲ್ಕತ್ತದಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿಯುತ್ತಿದ್ದ ಹುಡುಗ.

ಕಾಗದ ಕಾಯುವವ

ನಾನು ಹಳೆಯ ಚಿತ್ರ, ಕಾಗದಪತ್ರ ದುರಸ್ತಿ ಮಾಡುವ ಕೆಲಸದಲ್ಲಿದ್ದೇನೆ. ಪದ್ಮಾ ಅವರೇ, ನಿಮ್ಮದು ಪ್ರಿಂಟ್ ಆದ್ದರಿಂದ ಚಿತ್ರಕ್ಕೆ ಭಯವಿಲ್ಲ. ಆದರೆ ಅದು ಗ್ರಂಥಾಲಯದ ಹಾಲ್ ಅಂದಿರಿ. ಪುಸ್ತಕ ಇರುವ ಕಡೆ ಹಸಿ ಸೊಪ್ಪು, ಹೂವು ತರುವಾಗ ಸ್ವಲ್ಪ ಜಾಗ್ರತೆ ಬೇಕು.

ಮ್ಯೂಸಿಯಂಗಳು ಹೂವನ್ನು ಕಂಡರೆ ಹೆದರುವುದಕ್ಕೆ ಕಾರಣ ಇದೆ. ಕಾರ್ಪೆಟ್ ಬೀಟಲ್ ಅನ್ನುವ ಒಂದು ಪುಟ್ಟ ದುಂಬಿ ಇದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಬೆಳೆದ ದುಂಬಿ ಹೂವಿನ ಪರಾಗ ತಿಂದುಕೊಂಡು ಸುಮ್ನೆ ಇರುತ್ತದೆ. ಅದು ಹೂವಿನ ಜೊತೆ ಒಳಗೆ ಬಂದು ಮೊಟ್ಟೆ ಇಟ್ಟರೆ ಮರಿಗಳು ಉಣ್ಣೆ, ರೇಷ್ಮೆ, ಚರ್ಮ ತಿನ್ನುತ್ತವೆ. ಚರ್ಮ ಕಟ್ಟಿದ ಹಳೆಯ ಪುಸ್ತಕಕ್ಕೂ ಇದೇ ಭಯ. ನಿಮ್ಮಲ್ಲಿ ಯಾರಾದರೂ ನಿಜವಾದ ತೊಗಲುಬೊಂಬೆಯನ್ನೇ ಹೂವಿನ ಪಕ್ಕ ಇಡುವ ಯೋಚನೆಯಲ್ಲಿದ್ದರೆ ಖಂಡಿತ ಬೇಡ. ಅಲ್ಲೂ ಪ್ರಿಂಟೇ ಇರಲಿ. ಲಿಲ್ಲಿಯ ಪರಾಗದ ಕಲೆ ಕಾಗದಕ್ಕೂ ಬಟ್ಟೆಗೂ ಹತ್ತಿದರೆ ಹೋಗುವುದಿಲ್ಲ, ಅರಳುವ ಮೊದಲೇ ಕೇಸರ ಚಿವುಟಿ ತೆಗೆಯಬೇಕು. ನೀರು ತುಂಬುವುದು, ಚಿಮುಕಿಸುವುದು ಎಲ್ಲ ಹಾಲ್‌ನ ಹೊರಗೆ ಮಾಡಿ. ದವನದಲ್ಲಿ ಸಣ್ಣ ಹೇನು ಇರುತ್ತವೆ. ತಲೆಕೆಳಗೆ ಹಿಡಿದು ಬಿಳಿ ಪಂಚೆ ಮೇಲೆ ಒದರಿ ನೋಡಿ, ಗೊತ್ತಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಮಂಜಣ್ಣ ಹೇಳಿದ್ದು ಜಲವರ್ಣದವರು ಹೇಳುವ ಮಾತೇ. ಜಲವರ್ಣದಲ್ಲಿ ಬಿಳಿ ಅಂದರೆ ಸಾಮಾನ್ಯವಾಗಿ ಬಣ್ಣ ತಾಗದೆ ಉಳಿದ ಕಾಗದ. ದೂರ ಹೋದ ಹಾಗೆಲ್ಲ ಬಣ್ಣಕ್ಕೆ ನೀರು ಜಾಸ್ತಿ ಬೆರೆಸುತ್ತಾರೆ. ಬೆಟ್ಟದ ಬುಡವನ್ನು ಒದ್ದೆ ಕುಂಚದಿಂದ ಸವರಿ ಬಿಟ್ಟರೆ ಅಂಚು ಕರಗುತ್ತದೆ, ತುದಿ ಮಾತ್ರ ಚೂಪಾಗಿ ಉಳಿಯುತ್ತದೆ. ಬೆಟ್ಟ ತೇಲಿದ ಹಾಗೆ ಕಾಣುವುದು ಅದರಿಂದ. ನಿಮ್ಮ ಸೊಪ್ಪಿನ ಸಾಲುಗಳಿಗೂ ತುದಿ ತೋರಿಸಿ, ಬುಡ ಕಾಣದ ಹಾಗೆ ಮಾಡಿ. ಬೆಳಕು ಹಿಂದಿನಿಂದ ಬಂದರೆ ಇನ್ನೂ ಒಳ್ಳೆಯದು. ಅಸಲಿ ಜಲವರ್ಣಕ್ಕೆ ಮ್ಯೂಸಿಯಂನಲ್ಲಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡುವುದಿಲ್ಲ, ಬಣ್ಣ ಹಾರುತ್ತದೆ. ನಿಮ್ಮದು ಪ್ರಿಂಟ್, ಕಿಟಕಿ ತೆರೆದಿಡಿ.

ಸರೋಜಮ್ಮ

ಪದ್ಮಾ, ನಾನೇ ಎದುರು ಮನೆಯವಳು! ಇಲ್ಲಿ ಬರೆದಿದ್ದೀಯ ಅಂತ ಮಗ ತೋರಿಸಿದ. ನನ್ನ ಲಕ್ಷ್ಮಿಗೆ ಚಿನ್ನದ ಉಬ್ಬು ಕೆಲಸ ಹೇಗೆ ತೋರಿಸಲಿ ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಮಂಜಣ್ಣ, ಬಿಡಿಸದ ಅಡಿಕೆ ಹೊಂಬಾಳೆ ಸಿಗುತ್ತದಾ? ಆ ಮುತ್ತಿನಂಥ ಕಾಳು ಇಟ್ಟರೆ ಉಬ್ಬಿನ ಹಾಗೆ ಕಾಣಬಹುದು.

ಮಂಜಣ್ಣ ಹೂವಿನವರು

ಸಿಗುತ್ತದೆ ಅಮ್ಮ. ಎರಡು ದಿನ ಮೊದಲೇ ಹೇಳಿ. ಹಿಂದಿನ ದಿನ ಬಿಡಿಸಬೇಡಿ, ಬಣ್ಣ ಕಂದುತ್ತದೆ. ಪ್ರದರ್ಶನದ ದಿನ ಬೆಳಗ್ಗೆಯೇ ಬಿಡಿಸಿ.

ಪದ್ಮಾ ಬಸವನಗುಡಿ

ಪ್ರದರ್ಶನ ಮುಗಿಯಿತು. ನಿಮಗೆಲ್ಲ ಹೇಳದೆ ಇರಲು ಆಗಲಿಲ್ಲ.

ಗುರುವಾರ ನಾಲ್ಕೂವರೆಗೆ ಎದ್ದು ಮಾರ್ಕೆಟ್‌ಗೆ ಹೋದೆ. ಮಂಜಣ್ಣ ದವನದ ಆರು ಕಟ್ಟು ಎತ್ತಿಟ್ಟಿದ್ದರು, ಒಂದು ಬಾಳೆದಿಂಡನ್ನೂ ಗೋಣಿಯಲ್ಲಿ ಸುತ್ತಿ ಕೊಟ್ಟರು. ಆಟೋದಲ್ಲಿ ಮನೆಗೆ ಬರುವಷ್ಟರಲ್ಲಿ ನನ್ನ ಸೀರೆ ಪೂರ್ತಿ ದವನದ ವಾಸನೆ. ಸಿಲ್ವರ್ ಓಕ್ ನಮ್ಮ ಹಿಂದಿನ ರಸ್ತೆಯಲ್ಲೇ ಇತ್ತು. ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೇನೆ, ಎಲೆ ತಿರುಗಿಸಿ ನೋಡಿರಲಿಲ್ಲ.

ಶುಕ್ರವಾರ ರಾತ್ರಿ ಕೂತೆ. ಮುಂದಿನ ಸಾಲಿಗೆ ಸಿಲ್ವರ್ ಓಕ್, ಕಡು ಮುಖ ನಮ್ಮ ಕಡೆಗೆ. ಅದರ ಹಿಂದೆ ಒಂದು ಗೇಣು ಬಿಟ್ಟು ದವನ. ಮತ್ತೆ ಒಂದು ಗೇಣು ಬಿಟ್ಟು ನೀಲಗಿರಿ ಮತ್ತು ತಿರುಗಿಸಿದ ಸಿಲ್ವರ್ ಓಕ್. ಸಾಲು ಮೂರು, ದಿಂಡಿನ ತುಂಡೂ ಮೂರು. ಮೊದಲು ಆ ಗೇಣಿನ ಜಾಗ ಖಾಲಿ ಬಿಡಲು ಕೈ ಬರಲಿಲ್ಲ. ಏನಾದರೂ ತುಂಬಬೇಕು ಅನಿಸುತ್ತಲೇ ಇತ್ತು. ಎರಡು ಸಲ ಜಿಪ್ಸಿ ಇಟ್ಟೆ, ಎರಡು ಸಲವೂ ತೆಗೆದೆ. ತೆಗೆದಾಗಲೇ ದವನದ ಸಾಲು ಹಿಂದಕ್ಕೆ ಸರಿದ ಹಾಗೆ ಆಗುತ್ತಿತ್ತು. ನಾನು ಮುಟ್ಟಿರಲಿಲ್ಲ, ಆದರೂ ಸರಿಯಿತು. ಬುಡ ಕಾಣದ ಹಾಗೆ ಮಾಡಲು ದಿಂಡಿನ ಮೇಲೆ ದವನದ ಪುಡಿ ತುದಿಗಳನ್ನೇ ಅಡ್ಡಡ್ಡ ಮಲಗಿಸಿದೆ.

ಹೂವು ಒಂದೇ. ಸುಗಂಧರಾಜದ ಒಂದು ಕಡ್ಡಿ, ಎಡಗಡೆ ಕೆಳಗೆ, ದವನದೊಳಗೆ ಅರ್ಧ ಮುಚ್ಚಿ. ಸುಮಾ, ನಿಮ್ಮ ಬೆನ್ನು ತಿರುಗಿಸಿದ ಹೂವು ನೆನಪಾಗಿ ಅದನ್ನು ಸ್ವಲ್ಪ ಆ ಕಡೆಗೆ ತಿರುಗಿಸಿ ಇಟ್ಟೆ. ಶನಿವಾರ ಬೆಳಗ್ಗೆ ಎಲ್ಲ ಮೊಗ್ಗು. ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುತ್ತದೆ ಅಲ್ವಾ, ಸಂಜೆಗೆ ಕೆಳಗಿನ ಎರಡು ಅರಳಿದವು. ಭಾನುವಾರ ಇನ್ನೂ ಮೂರು.

ಮೇಜನ್ನು ಪೂರ್ವದ ಕಿಟಕಿ ಮುಂದೆ ಇಟ್ಟುಕೊಂಡೆ. ಹತ್ತು ಗಂಟೆ ಬಿಸಿಲು ಹಿಂದಿನಿಂದ ಬಂದಾಗ ನೀಲಗಿರಿ ಎಲೆಗಳ ಅಂಚು ಮಾತ್ರ ಉಳಿಯಿತು, ಎಲೆ ಮಾಯ. ಹನ್ನೊಂದಕ್ಕೆ ಬಿಸಿಲು ಮೇಲೆ ಹೋಯಿತು, ಮತ್ತೆ ಎಲೆ ಬಂತು. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಒಬ್ಬ ಹುಡುಗ, ಏಳೆಂಟು ವರ್ಷ ಇರಬಹುದು, ಮುಖ ತೀರಾ ಹತ್ತಿರ ತಂದು ನೋಡುತ್ತಿದ್ದ. ಮುಟ್ಟಬೇಡ ಅಂತ ಅವನ ತಾಯಿ ಗದರಿದರು. ಅವನು ಮುಟ್ಟುತ್ತಿರಲಿಲ್ಲ. ದವನಕ್ಕೆ ಮೆಲ್ಲಗೆ ಉಸಿರು ಊದುತ್ತಿದ್ದ, ಅದು ಅಲ್ಲಾಡುವುದನ್ನು ನೋಡುತ್ತಿದ್ದ. ನಾನು ಬೇರೆ ಕಡೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಸರೋಜಮ್ಮನ ಹೊಂಬಾಳೆ ಎಲ್ಲರ ಬಾಯಲ್ಲೂ ಇತ್ತು. ಕನಕಾಂಬರದ ಸಾಲು ಮಧ್ಯೆ ಹೊಂಬಾಳೆ ಕಾಳು, ನಿಜವಾಗಲೂ ಚಿನ್ನದ ಉಬ್ಬೇ. ರೋರಿಕ್ ಮಾಡಿದವರು ಎಲೆಕೋಸಿನ ನೀಲಿ ಎಲೆ ಬಳಸಿದ್ದರು. ಅದು ನನಗೆ ತುಂಬ ಹಿಡಿಸಿತು.

ಭಾನುವಾರ ಸಂಜೆ ಬಿಚ್ಚಿದಾಗ ಸಿಲ್ವರ್ ಓಕ್ ಸುರುಟಿಕೊಂಡಿತ್ತು, ನೀಲಗಿರಿ ಹಾಗೇ ಇತ್ತು. ದವನ ಒಣಗಿತ್ತು, ವಾಸನೆ ಮಾತ್ರ ಹೋಗಿರಲಿಲ್ಲ. ಅದನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಅಪ್ಪನ ಶಾಲು ಇರುವ ಪೆಟ್ಟಿಗೆಯಲ್ಲಿ ಇಡೋಣ ಅಂದುಕೊಂಡಿದ್ದೇನೆ. ಕಾಗದ ಕಾಯುವವರೇ, ಶಾಲು ಉಣ್ಣೆಯದು. ಆ ದುಂಬಿಯ ವಿಷಯ ಓದಿದ ಮೇಲೆ ಭಯ ಆಗಿದೆ. ಚೆನ್ನಾಗಿ ಬಿಸಿಲಿಗೆ ಹಾಕಿ ಒದರಿ ಇಟ್ಟರೆ ಪರವಾಗಿಲ್ಲವಾ, ಇಡಲೇಬಾರದಾ?

ಕಾಗದ ಕಾಯುವವ

ಶಾಲಿನ ಜೊತೆ ಇಡಬೇಡಿ. ಗಾಜಿನ ಭರಣಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಪೆಟ್ಟಿಗೆಯ ಪಕ್ಕ ಇಡಿ. ಬೇಕಾದಾಗ ಮುಚ್ಚಳ ತೆಗೆಯಿರಿ.